ಕಂದಾಯದವರು ಬಂದ ಸೋಮವಾರ, ಮಷೀನಿನ ಮೇಲೆ ಈಶ್ವರ

ಆಸ್ತಿ ತೆರಿಗೆಯ ಬಗ್ಗೆ ನನ್ನ ಫೋನಿಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಪ್ರಶ್ನೆಗಳೇ ಅಲ್ಲ, ಅನುಮಾನಗಳು. ಈ ಸಲ ಯಾಕೆ ಜಾಸ್ತಿ ಬಂತು ಎಂದು ಯಾರೂ ಕೇಳುವುದಿಲ್ಲ. ಯಾರು ಹೇಳಿಕೊಟ್ಟರು ಎಂದು ಕೇಳುತ್ತಾರೆ. ನೀರು ಬಿಡುವ ದಿನ, ಪಾಲಿಕೆಯ ನೋಟಿಸು, ಏಪ್ರಿಲಿನಲ್ಲಿ ಕಟ್ಟಿದರೆ ಸಿಗುವ ರಿಯಾಯಿತಿ, ಇಂಥವನ್ನು ಬಳ್ಳಾರಿಯ ಮಂದಿಗೆ ತಿಳಿಯುವ ಹಾಗೆ ವೀಡಿಯೊ ಮಾಡಿ ಹಾಕುವುದು ನನ್ನ ಚಾಳಿ. ಅದಕ್ಕೆ ನನಗೆ ಯಾರೂ ಕಾಸು ಕೊಡುವುದಿಲ್ಲ. ಅದನ್ನೂ ಯಾರೂ ನಂಬುವುದಿಲ್ಲ. ಎಲ್ಲರಿಗಿಂತ ಮೊದಲು ನಂಬದವಳು ನನ್ನ ಅಕ್ಕ.

ಅಕ್ಕನ ಸ್ವಂತ ಮನೆ ಬ್ರೂಸ್‌ಪೇಟೆಯ ಹಿಂದಿನ ಓಣಿಯಲ್ಲಿದೆ. ಮುಂದೊಂದು ಕೋಣೆ, ಹಿಂದೆ ಅಡುಗೆಮನೆ, ಮೇಲೆ ತಗಡು ಹೊದಿಸಿದ ಒಂದು ಖೋಲಿ. ಮುಂದಿನ ಕೋಣೆಯಲ್ಲಿ ಕರೆಂಟಿನ ಹೊಲಿಗೆ ಮಷೀನು. ನಮ್ಮೂರಿನ ಜೀನ್ಸ್ ಪ್ಯಾಂಟು ಒಂದೇ ಮನೆಯಲ್ಲಿ ಹುಟ್ಟುವುದಿಲ್ಲ. ಒಬ್ಬಳು ಝಿಪ್ಪು ಕೂಡಿಸಿದರೆ ಇನ್ನೊಬ್ಬಳು ದಾರ ಕತ್ತರಿಸುತ್ತಾಳೆ. ಅಕ್ಕನದು ಹಿಂದಿನ ಕಿಸೆ. ಕತ್ತರಿಸಿದ ಬಟ್ಟೆಯ ಬಂಡಲ್ಲು ಆಟೋದಲ್ಲಿ ಬರುತ್ತದೆ, ಕಿಸೆ ಹಚ್ಚಿಸಿಕೊಂಡು ಆಟೋದಲ್ಲೇ ಹೋಗುತ್ತದೆ. ಹೇಳಿದ ದಿನ ಮಾಲು ತಯಾರಿಲ್ಲದಿದ್ದರೆ ಮುಂದಿನ ಬಂಡಲ್ಲು ಪಕ್ಕದ ಓಣಿಗೆ ಹೋಗಿಬಿಡುತ್ತದೆ, ಆಮೇಲೆ ಈ ಕಡೆ ತಿರುಗಿ ನೋಡುವುದಿಲ್ಲ. ಭಾವ ಲಾರಿ ಡ್ರೈವರು. ಹಚ್ಚೊಳ್ಳಿ, ದೇಶನೂರು ಕಡೆಯ ಭತ್ತವನ್ನು ಗಿರಣಿಗೆ, ಗಿರಣಿಯ ಅಕ್ಕಿಯನ್ನು ಎಲ್ಲೆಲ್ಲಿಗೋ ಹೊಡೆಯುತ್ತ ವಾರದ ಹೆಚ್ಚು ದಿನ ರಸ್ತೆಯ ಮೇಲೆಯೇ ಇರುತ್ತಾನೆ. ಮನೆಯ ಒಲೆ ಉರಿಯುವುದು ಆ ಕಿಸೆಗಳಿಂದ.

ಅನುಮಾನ ನಮಗೆ ತವರಿನಿಂದಲೇ ಬಂದದ್ದು. ನಾವು ಸಣ್ಣವರಿದ್ದಾಗ ಸಿರುಗುಪ್ಪದ ನಮ್ಮ ಮನೆಯ ಕಡೆ ಫೈಲು ಹಿಡಿದವರು ಯಾರೇ ಬರಲಿ, ಅವ್ವ ಮೊದಲು ಎಮ್ಮೆಗಳನ್ನು ಹಿತ್ತಲಿಗೆ ಹೊಡೆಯುತ್ತಿದ್ದಳು. ಮಕ್ಕಳೆಷ್ಟು ಎಂದು ಕೇಳಿದರೆ ‘ದೇವ್ರು ಕೊಟ್ಟಷ್ಟು’ ಎನ್ನುತ್ತಿದ್ದಳು. ಎಣಿಸಿದ್ದು ಉಳಿಯುವುದಿಲ್ಲ ಎಂಬುದು ಅವಳ ಭಯ. ಒಮ್ಮೆ ದನಗಳಿಗೆ ಚುಚ್ಚುಮದ್ದು ಹಾಕಲು ಬಂದವರನ್ನೂ ನಮ್ಮಲ್ಲಿ ದನವೇ ಇಲ್ಲ ಎಂದು ಕಳಿಸಿದ್ದಳು. ಹಿತ್ತಲಿನಿಂದ ಎಮ್ಮೆ ಕೂಗಿತು. ಅದು ಪಕ್ಕದ ಮನೆಯದು ಎಂದಳು.

ಗಂಡನ ಊರಾದ ಕುರುಗೋಡಿನಲ್ಲಿ ಅಕ್ಕನಿಗೆ ಎರಡನೆಯ ಪಾಠವಾಯಿತು. ಅಲ್ಲಿ ಭಾವನ ದೊಡ್ಡಪ್ಪ ಪಡಸಾಲೆಯಲ್ಲಿ ಸಣ್ಣ ಕಿರಾಣಿ ಇಟ್ಟಿದ್ದರು. ಅಳತೆಗೆ ಬಂದವರು ಇದೇನು ಎಂದು ಕೇಳಿದಾಗ ಆ ಹಿರಿಯರು ಮೀಸೆ ತಿರುವಿ, ‘ನಮ್ದು ಅಂಗಡಿ. ಬಾಳ ವ್ಯಾಪಾರ ಐತಿ’ ಎಂದುಬಿಟ್ಟರು. ಪಡಸಾಲೆ ವ್ಯಾಪಾರದ ಲೆಕ್ಕಕ್ಕೆ ಸೇರಿತು, ಕಂದಾಯ ಏರಿತು. ಅಂಗಡಿ ಇದ್ದದ್ದು ನಿಜ, ಏರಿದ್ದು ಸರಿ. ಆದರೆ ಅಕ್ಕ ಅದರಿಂದ ಕಲಿತದ್ದು ಬಾಯಿ ಮುಚ್ಚಿಕೊಂಡಿರಬೇಕು ಎಂಬುದೊಂದನ್ನೇ.

ಹೀಗಿರುವಾಗ ಮನೆ ಮನೆ ಅಳತೆ ನಡೆಯುತ್ತದೆ ಎಂಬ ಸುದ್ದಿ ಬಂತು. ನಾನು ವೀಡಿಯೊದಲ್ಲಿ ಬಿಡಿಸಿ ಹೇಳಿದೆ: ಜಾಗ ಎಷ್ಟು, ಕಟ್ಟಿದ್ದು ಎಷ್ಟು, ಕಟ್ಟಿ ಎಷ್ಟು ವರ್ಷವಾಯಿತು, ಯಾವುದಕ್ಕೆ ಬಳಸುತ್ತೀರಿ, ಇದನ್ನೆಲ್ಲ ನೀವೇ ಘೋಷಿಸಬೇಕು, ಪಾಲಿಕೆಯವರು ಬಂದು ತಾಳೆ ನೋಡುತ್ತಾರೆ, ವಾಸಕ್ಕೆ ಒಂದು ದರ, ವ್ಯಾಪಾರಕ್ಕೆ ಇನ್ನೊಂದು. ಅಕ್ಕ ಅದನ್ನು ಕೊನೆಯವರೆಗೂ ನೋಡಿ ನನಗೆ ಫೋನ್ ಮಾಡಿದಳು.

“ಕಿಸಿ ಹಚ್ಚೋದು ವಾಸನಾ, ವ್ಯಾಪಾರನಾ?”

ನನಗೆ ಗೊತ್ತಿರಲಿಲ್ಲ. ಪಾಲಿಕೆಯ ಕೌಂಟರಿಗೆ ಹೋಗಿ ಕೇಳಿದೆ. ಕೂತವರು ಸಮಾಧಾನವಾಗಿಯೇ ಹೇಳಿದರು: “ಬೋರ್ಡ್ ಹಾಕ್ಯಾರೇನ್ರಿ? ಗಿರಾಕಿ ಬರ್ತಾರೇನ್ರಿ? ಅಳತಿಗಿ ಬಂದೋರು ನೋಡಿ ಬರ್ಕೊಂತಾರ, ತಲಿ ಕೆಡಿಸ್ಕೋಬ್ಯಾಡ್ರಿ.” ನಾನು ಅದನ್ನು ಹಾಗೆಯೇ ಅಕ್ಕನಿಗೆ ಒಪ್ಪಿಸಿದೆ. ಇಡೀ ಮಾತಿನಲ್ಲಿ ಅವಳ ಕಿವಿಗೆ ಬಿದ್ದದ್ದು ‘ನೋಡಿ’ ಎನ್ನುವುದು ಮಾತ್ರ.

ಒಂದು ಸೋಮವಾರ ಬೆಳಿಗ್ಗೆ ಮತ್ತೆ ಫೋನು.

“ಲೇ, ಬಂದಾರ. ಟೇಪ್ ಹಿಡ್ಕೊಂಡು ಓಣಿ ತುದ್ಯಾಗ ನಿಂತಾರ.”

“ಬರ್ಲಿ ಬಿಡು. ನಾ ಬಂದು ಏನ್ ಮಾಡ್ಲಿ?”

“ಊರಿಗೆಲ್ಲ ಹೇಳಾಕ ಟೈಮ್ ಐತಿ, ಒಡಹುಟ್ಟಿದಾಕಿ ಮನಿಗಿ ಬರಾಕ ಇಲ್ಲ. ಗೊತ್ತೈತಿ ನಂಗ, ನೀ ಯಾರ ಕಡಿ ಅಂತ.”

ಗಾಡಿ ಹತ್ತಿ ಹೋದೆ. ಬಾಗಿಲಲ್ಲೇ ನಿಂತುಬಿಟ್ಟೆ. ಮಷೀನು ಮಾಯವಾಗಿತ್ತು. ಅದಿದ್ದ ಜಾಗದಲ್ಲಿ ದೇವರ ಮಂಟಪ. ಮಷೀನಿನ ಮೇಜಿಗೆ ಅಕ್ಕ ತನ್ನ ಮದುವೆಯ ಸೀರೆಯನ್ನು ನೆಲ ಮುಟ್ಟುವ ಹಾಗೆ ಇಳಿಬಿಟ್ಟಿದ್ದಳು. ಸೀರೆಯಡಿಯ ಮಷೀನಿನ ತಲೆಗೆ ಈಶ್ವರನ ಫೋಟೋ ಆನಿಸಿ, ಮುಂದೆ ವಿಭೂತಿ ಗಟ್ಟಿ, ಬಾಳೆಹಣ್ಣು, ಹಣ್ಣಿಗೆ ಚುಚ್ಚಿದ ಊದಿನಕಡ್ಡಿ. ಹಿಂದೆ ಗೋಡೆಗೆ ಒಟ್ಟಿದ್ದ ಜೀನ್ಸ್ ಬಟ್ಟೆಯ ಗುಡ್ಡಕ್ಕೆ ಭಾವನ ಬಿಳಿ ಧೋತರ ಹೊದಿಸಿದ್ದಳು. ದೂರದಿಂದ ನೋಡಿದರೆ ಕೈಲಾಸವೇ.

“ಮಷೀನ್ ಹಿತ್ತಲಕ್ಕ ಸಾಗ್ಸಬೇಕಂತ ಮಾಡಿದ್ದೆ. ಎತ್ತಾಕ ಆಗ್ಲಿಲ್ಲ,” ಎಂದಳು.

ನಾನು ನಗುವಷ್ಟರಲ್ಲಿ ಅಳತೆಯವರು ಹೊಸ್ತಿಲಿಗೆ ಬಂದರು. ಟೇಪು ಹಿಡಿದ ಗಂಡಾಳು ಹೊರಗೆ ನಿಂತ. ಬರೆದುಕೊಳ್ಳುವವಳು ಮೂವತ್ತರ ಒಳಗಿನ ಹುಡುಗಿ, ಕೈಯಲ್ಲಿ ಟ್ಯಾಬು. ಒಳಗೆ ಇಣುಕಿದವಳು ತಟ್ಟನೆ ಚಪ್ಪಲಿ ಬಿಟ್ಟಳು, ಟ್ಯಾಬನ್ನು ಕಂಕುಳಿಗೆ ಸಿಕ್ಕಿಸಿ ಕೈ ಮುಗಿದಳು.

“ಮನಿ ದೇವ್ರೇನ್ರಿ ಅಕ್ಕಾರ?”

“ಹೌದ್ರಿ. ಈಶ್ವರ.”

“ಮೊದ್ಲಿಂದನೂ ಇಲ್ಲೇ ಅದಾನೇನ್ರಿ?”

“ಬಾಳ ವರ್ಷ ಆತ್ರಿ,” ಎಂದಳು ಅಕ್ಕ. ಸೀರೆಯ ಮಡಿಕೆಯ ಗೆರೆಗಳು ಇನ್ನೂ ಹೋಗಿರಲಿಲ್ಲ. ಕೋಣೆಯಲ್ಲಿ ಊದಿನಕಡ್ಡಿಗಿಂತ ನುಸಿಗುಳಿಗೆಯ ವಾಸನೆಯೇ ಹೆಚ್ಚಾಗಿತ್ತು.

ಕೋಣೆಯ ಉದ್ದ ಅಳೆಯಬೇಕೆಂದರೆ ಟೇಪಿನ ತುದಿಯನ್ನು ಯಾರಾದರೂ ದೇವರ ಹಿಂದಿನ ಮೂಲೆಗೆ ಹಿಡಿಯಬೇಕು. ಹುಡುಗಿ ಆ ಕಡೆ ಹೆಜ್ಜೆ ಇಟ್ಟಳು. ಅಕ್ಕ ಅಡ್ಡ ಬಂದಳು. “ಅಲ್ಲಿ ಮಡಿ ಐತ್ರಿ. ಕೊಡ್ರಿಲ್ಲೆ, ನಾ ಹಿಡೀತೀನಿ.” ತನ್ನ ಮನೆಯನ್ನು ಅಳೆಯುವ ಟೇಪಿನ ತುದಿ ಹಿಡಿದುಕೊಂಡು ಅಕ್ಕ ಮೂಲೆಗೆ ನುಸುಳಿದಳು. ನುಸುಳುವಾಗ ಅವಳ ಸೊಂಟ ತಾಗಿ ಮಂಟಪದ ಸೀರೆಯ ಸೆರಗು ಸರಿಯಿತು. ಕೆಳಗೆ ಮಷೀನಿನ ಪೆಡಲ್ಲು ಹೊಳೆಯಿತು. ದಿನವೂ ಕಾಲಿಟ್ಟು ನುಣುಪಾದ ಕಬ್ಬಿಣ ಅದು, ಹೊಳೆಯದೆ ಇನ್ನೇನು. ನಾನು ಕಂಡೆ. ಹುಡುಗಿ ಕಂಡಳೋ ಇಲ್ಲವೋ ಗೊತ್ತಾಗಲಿಲ್ಲ. ಅವಳು ಟ್ಯಾಬಿನಲ್ಲಿ ಏನೋ ಒತ್ತಿದಳು. ಮೇಲಿನ ತಗಡಿನ ಖೋಲಿ ನೋಡಿ ಬಂದಳು. ಹೋಗುವ ಮುಂಚೆ, “ತೀರ್ಥ ಕೊಡ್ರಿ ಅಕ್ಕಾರ,” ಎಂದು ಅಂಗೈ ಒಡ್ಡಿದಳು.

ತೀರ್ಥ ಎಲ್ಲಿಂದ ಬರಬೇಕು. ಅಕ್ಕ ಅಡುಗೆಮನೆಗೆ ಓಡಿ ತಂಬಿಗೆಯ ನೀರನ್ನೇ ಚಮಚದಲ್ಲಿ ತಂದು ಹಾಕಿದಳು. ಹುಡುಗಿ ಕುಡಿದು, ಕೈಯನ್ನು ತಲೆಗೆ ಒರೆಸಿಕೊಂಡು, ನಗುತ್ತ ಹೋದಳು.

“ಯಾಕ ನಕ್ಳು ಆಕಿ?” ಅಕ್ಕ ಬಾಗಿಲು ಹಾಕಿ ನನ್ನನ್ನೇ ಕೇಳಿದಳು.

“ಹುಡುಗಿ ಅಕ್ಕ. ನಗ್ತಾಳ.”

“ಡ್ಯೂಟಿ ಮ್ಯಾಲ ಯಾರೂ ಖಾಲಿಪೀಲಿ ನಗಂಗಿಲ್ಲ. ಎದುರುಮನಿ ಮಾವಂದೇ ಕೆಲಸ ಇದು. ಮೋಟರ್ ಸಪ್ಪಳ ಅಂತ ಮಷೀನ್ ತಂದಾಗಿಂದ ಉರ್ಕೊಂತ ಅದಾನ. ಹೇಳಿ ಕಳಿಸ್ಯಾನ.”

“ಓಣ್ಯಾಗ ಎಲ್ಲಾ ಮನಿ ಅಳದ್ರು. ಅವ್ರ ಮನಿನೂ ಅಳದ್ರು.”

“ಡೌಟ್ ಬರಬಾರ್ದು ಅಂತ ಅಳಿಸ್ಕೊಂಡಾನ.”

ಎದುರುಮನೆ ಮಾವ ಎಂದರೆ ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು. ದಿನವಿಡೀ ಕಟ್ಟೆಯ ಮೇಲೆ ಕೂತು ಓಣಿಯಲ್ಲಿ ಹತ್ತುವವರು ಇಳಿಯುವವರ ಲೆಕ್ಕ ಇಡುತ್ತಾರೆ. ಸಂಜೆಗೆ ಅವರು ತಾವೇ ಬಂದರು, ಕೈಯಲ್ಲಿ ತೆಂಗಿನಕಾಯಿ.

“ಯವ್ವಾ, ಮನ್ಯಾಗ ಈಶ್ವರ ಕುಂತಾನಂತ. ಟೇಪಿನಾಂವ ಹೇಳ್ದ. ಸೋಮವಾರ ಬ್ಯಾರೆ. ಎದುರ ಇದ್ದೋರಿಗೆ ಒಂದ್ ಮಾತು ಹೇಳಬಾರ್ದಾ?”

ಅಕ್ಕ ನನ್ನ ಕಿವಿಯಲ್ಲಿ, “ನೋಡಾಕ ಬಂದಾನ,” ಎಂದಳು. ಬಾಯಲ್ಲಿ, “ಬರ್ರಿ ಮಾವ, ಬರ್ರಿ,” ಎಂದಳು.

ಮಾವ ಕಾಯಿ ಒಡೆದರು. ಅವರ ಹಿಂದೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಹೂವು ಬಂತು, ಕರ್ಪೂರ ಬಂತು, ಮಂಗಳಾರತಿಯೂ ಆಯಿತು. ಅವರಲ್ಲಿ ಅರ್ಧದಷ್ಟು ಮಂದಿ ಅದೇ ಮಷೀನಿನ ಪಕ್ಕ ಕೂತು ಅಕ್ಕನ ಜೊತೆ ಹರಟೆ ಹೊಡೆದವರು. ಮಷೀನು ಎಲ್ಲಿ ಹೋಯಿತು ಎಂದು ಒಬ್ಬಳೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂಬುದೇ ಅಕ್ಕನಿಗೆ ಹೊಸ ಅನುಮಾನವಾಯಿತು. ಹೋಗುವಾಗ ಮಾವ ಹೊಸ್ತಿಲಲ್ಲಿ ತಿರುಗಿ ನಿಂತರು.

“ಇಷ್ಟು ಮಂದಿ ಕೈ ಮುಗದಾರ. ದೇವ್ರನ್ನ ಲಗೂನ ಎಬ್ಬಿಸ್ಬ್ಯಾಡವಾ ಮತ್ತ.”

ಅಕ್ಕನ ಮುಖ ಸಪ್ಪಗಾಯಿತು. ಮರುದಿನ ಮಧ್ಯಾಹ್ನ ಆಟೋ ಬರುವುದಿತ್ತು. ಧೋತರದ ಕೆಳಗಿನ ಕೈಲಾಸದಲ್ಲಿ ಇನ್ನೂ ಕಿಸೆ ಹಚ್ಚದ ಬಟ್ಟೆ ಬೇಕಾದಷ್ಟಿತ್ತು. ಕಂದಾಯ ಏರಬಾರದೆಂದು ಕೂರಿಸಿದ ದೇವರು ಈಗ ಕೆಲಸದ ಮೇಲೆಯೇ ಕೂತಿದ್ದ.

ಮಂಗಳವಾರ ಬೆಳಿಗ್ಗೆ ನಾನು ಹೋದಾಗ ಅಕ್ಕ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಮಷೀನಿನ ಮುಂದೆ ನಿಂತಿದ್ದಳು.

“ದೇವ್ರನ್ನ ಸರಿಸಿದ್ರ ಪಾಪನಾ?”

“ಮಷೀನ್ ಮುಚ್ಚಾಕ ಕುಂಡ್ರಿಸಿದ್ದು ಪಾಪ ಅಲ್ಲಂದ್ರ ಸರಿಸೋದೂ ಅಲ್ಲ.”

“ನಿನ್ನ ಕೇಳಿದ್ದು ನಂದು ತಪ್ಪು.” ಅವಳು ಗಲ್ಲ ಬಡಿದುಕೊಂಡು, ಫೋಟೋವನ್ನು ಎರಡೂ ಕೈಯಿಂದ ಎತ್ತಿದಳು. ಕೆಳಗಿಳಿಸಲಿಲ್ಲ. ಮೇಜಿನ ತುದಿಗೆ ಸರಿಸಿ ಇಟ್ಟಳು. “ಎಬ್ಬಿಸಿಲ್ಲ. ಜರಾ ಸರಿದು ಕುಂದ್ರಪ್ಪಾ ಅಂದೀನಿ.”

ಸೀರೆ, ಧೋತರ ತೆಗೆದು, ಬಾಗಿಲು ಹಾಕಿ, ಮೋಟರಿನ ಸದ್ದು ಹೊರಗೆ ಹೋಗದ ಹಾಗೆ ಟೀವಿಯಲ್ಲಿ ಭಜನೆ ಜೋರಾಗಿ ಹಚ್ಚಿ ಕೂತಳು. ನಾನು ಹೊಲಿದದ್ದನ್ನು ಒಟ್ಟುತ್ತ ಹೋದೆ. ಅಕ್ಕನ ಕೈ ಓಡುವುದನ್ನು ನೋಡಬೇಕು. ಮಡಿಚಿ, ಇಟ್ಟು, ತಿರುಗಿಸಿ, ಎಳೆದು ಬಿಟ್ಟರೆ ಒಂದು ಕಿಸೆ. ಎದುರಿನ ಕಟ್ಟೆಯಿಂದ ಮಾವನ ದನಿ ಕೇಳಿತು: “ಚಲೋ ಭಜನಿ ಹಚ್ಚೀರಿ ಯವ್ವಾ, ಸಪ್ಪಳ ಜರಾ ಹೆಚ್ಚು ಮಾಡ್ರಿ.” ಅಕ್ಕ ಹೆಚ್ಚು ಮಾಡಿದಳು. ಆ ಸದ್ದಿನಲ್ಲಿ ಬಾಗಿಲು ಬಡಿದದ್ದು ನಮಗೆ ಗೊತ್ತಾಗಲಿಲ್ಲ. ಚಿಲಕ ಹಾಕುವುದನ್ನೂ ಮರೆತಿದ್ದೆವು.

ಬಾಗಿಲು ತೆರೆದು ನಿಂತವಳು ನಿನ್ನೆಯ ಹುಡುಗಿ. ಟ್ಯಾಬು ಇರಲಿಲ್ಲ, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅಕ್ಕನ ಕಾಲು ಪೆಡಲ್ಲಿನ ಮೇಲೆ ಹಾಗೆಯೇ ನಿಂತಿತು. ಮಷೀನು, ನೀಲಿ ಗುಡ್ಡ, ತುದಿಗೆ ಸರಿದು ಕೂತ ಈಶ್ವರ, ಎಲ್ಲವೂ ಕಣ್ಣ ಮುಂದೆಯೇ ಇತ್ತು. ಮುಚ್ಚಲು ಏನೂ ಉಳಿದಿರಲಿಲ್ಲ.

ಹುಡುಗಿ ಚೀಲದಿಂದ ಒಂದು ಪ್ಯಾಂಟು ತೆಗೆದಳು. “ನಮ್ಮ ತಮ್ಮಂದು. ಹಿಂದಿನ ಕಿಸಿ ಹರದೈತ್ರಿ. ನಿನ್ನೆ ದೇವ್ರ ಕೆಳಗ ಪೆಡಲ್ ಕಂಡಿತ್ತು. ಹೆಂಗೂ ಈ ಕಡಿ ಬರೋದಿತ್ತು, ತಂದೆ.”

ಅಕ್ಕ ಪ್ಯಾಂಟು ಮುಟ್ಟಲಿಲ್ಲ. “ಏನ್ ಬರ್ಕೊಂಡ್ರಿ ನಿನ್ನೆ?”

“ಮನಿ ಅಂತ ಬರ್ಕೊಂಡೀನ್ರಿ.”

“ಪೆಡಲ್ ನೋಡಿನೂ?”

“ಬೋರ್ಡಿಲ್ಲ, ಶಟರ್ ಇಲ್ಲ, ಗಿರಾಕಿ ಬರಂಗಿಲ್ಲ. ಇದ್ದದ್ದು ಒಂದು ಮಷೀನು. ಅದಕ್ಕ ಅಂಗಡಿ ಅಂತ ಬರೀಬೇಕೇನ್ರಿ? ನಿನ್ನೆ ಕೇಳಿದ್ರ ನಿನ್ನೆನೇ ಹೇಳ್ತಿದ್ದೆ. ನೀವು ತೀರ್ಥ ಕೊಟ್ಟು ಕಳಿಸಿದ್ರಿ.”

ನನಗೆ ಉಸಿರು ಬಂತು. ಅಕ್ಕನಿಗೂ ಬಂದಿರಬೇಕು ಎಂದುಕೊಂಡು ಅವಳ ಕಡೆ ನೋಡಿದೆ. ಅವಳ ಹುಬ್ಬು ಇನ್ನಷ್ಟು ಗಂಟಾಗಿತ್ತು. ಎದ್ದು ಬಂದು ನನ್ನನ್ನು ಅಡುಗೆಮನೆಗೆ ಎಳೆದಳು.

“ತಿಳೀತಾ?” ಎಂದಳು ಪಿಸುದನಿಯಲ್ಲಿ.

“ಏನು?”

“ಗಿರಾಕಿ ಬರಂಗಿಲ್ಲ ಅಂತ ಬರ್ಕೊಂಡಾಳ. ಈಗ ತಾನ ಗಿರಾಕಿಯಾಗಿ ಬಂದಾಳ. ಹೊಲ್ದು ರೊಕ್ಕ ಇಸ್ಕೊಂಡೆ ಅಂದ್ರ ಅಂಗಡಿ ಆತು, ಮುಗೀತು.”

“ಹಂಗಾರ ಆಗಂಗಿಲ್ಲ ಅಂತ ಹೇಳಿ ಕಳ್ಸು.”

“ಕಳ್ಸಿದ್ರ ಸಿಟ್ಟಾಗಿ ತಿದ್ದಿ ಬರೀತಾಳ.”

ಅಕ್ಕ ಹೊರಗೆ ಬಂದು ಪ್ಯಾಂಟು ಕಸಿದುಕೊಂಡಳು, ತನ್ನ ಬಟ್ಟೆಯ ತುಂಡೊಂದನ್ನು ಒಳಗೆ ಕೊಟ್ಟು ಕಿಸೆಯನ್ನು ಗಟ್ಟಿಯಾಗಿ ಕೂಡಿಸಿದಳು. ಇನ್ನು ಪ್ಯಾಂಟು ಹರಿಯಬೇಕೇ ಹೊರತು ಆ ಕಿಸೆ ಹರಿಯುವುದಿಲ್ಲ. ಹುಡುಗಿ ಪರ್ಸು ತೆಗೆದಳು.

“ಬ್ಯಾಡ್ರಿ. ಇದು ಮನಿ. ಮನ್ಯಾಗ ರೊಕ್ಕ ತಗೊಳಂಗಿಲ್ಲ.”

“ಅಯ್ಯ, ಪುಗಸಟ್ಟೆ ಹೊಲಿಸ್ಕೊಂಡು ಹೋದ್ರ ನಂದೇ ತಪ್ಪಾಕ್ಕತಿ. ನಾನು ಡ್ಯೂಟಿ ಮ್ಯಾಲ ಅದೀನ್ರಿ.” ಈಗ ಹುಡುಗಿಯ ಮುಖದಲ್ಲೂ ಅನುಮಾನ ಕಂಡಿತು. ನಿನ್ನೆ ಅಳೆದ ಮನೆಯವರು ಇಂದು ಬಿಟ್ಟಿ ಕೆಲಸ ಮಾಡಿಕೊಟ್ಟರೆ ಯಾರು ಏನೆಂದುಕೊಂಡಾರು. ವೀಡಿಯೊ ತೆಗೆಯುತ್ತಿದ್ದೇನೋ ಎಂಬಂತೆ ಅವಳು ನನ್ನ ಕೈಯಲ್ಲಿದ್ದ ಫೋನಿನ ಕಡೆಗೊಮ್ಮೆ ಕಣ್ಣು ಹಾಯಿಸಿದಳು. ನಾನು ಫೋನನ್ನು ತಿರುಗಿಸಿ ಕೆಳಗಿಟ್ಟೆ. ಅವಳು ನೋಟನ್ನು ಮಡಿಚಿ ಈಶ್ವರನ ಫೋಟೋದ ಮುಂದೆ, ಬಾಳೆಹಣ್ಣಿನ ಕೆಳಗೆ ಇಟ್ಟಳು. “ನಿಮಗ ಕೊಟ್ಟಿಲ್ರಿ. ದೇವ್ರಿಗೆ.”

ಅಕ್ಕ ಆ ನೋಟನ್ನು ತೆಗೆದು ಅವಳ ಅಂಗೈಗೆ ಒತ್ತಿದಳು. “ಅದೂ ಬ್ಯಾಡ. ನಾಳೆ ಗುಡಿ ಅಂತ ಬರ್ಕೊಂಡ್ರ ಯಾರ್ನ ಕೇಳ್ಲಿ?”

ಹುಡುಗಿ ಜೋರಾಗಿ ನಕ್ಕಳು. ಅಕ್ಕ ನಗಲಿಲ್ಲ. ಕೊನೆಗೆ ಆ ನೋಟು ಎದುರುಮನೆ ಮಾವನ ಕೈಗೆ ಹೋಯಿತು, ಓಣಿಯ ದೇವರಿಗೆ ಕಾಯಿ ತರಲಿಕ್ಕೆಂದು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ ಕಿಸೆಗಿಟ್ಟರು.

ಆಟೋ ಬರುವಷ್ಟರಲ್ಲಿ ಕೊನೆಯ ಬಂಡಲ್ಲು ಕಟ್ಟಿದ್ದೆವು. ಹೊಸ ಬಂಡಲ್ಲು ಒಳಗೆ ಬಂತು. ಏಪ್ರಿಲಿನಲ್ಲಿ ಅಕ್ಕ ನನ್ನನ್ನೇ ಕರೆದುಕೊಂಡು ಹೋಗಿ ಕಂದಾಯ ಕಟ್ಟಿದಳು, ಪೂರಾ ವಾಸದ ಮನೆ ಎಂದೇ. ರಿಯಾಯಿತಿ ಕಳೆದು ಉಳಿದ ಚಿಲ್ಲರೆ ಕೈಗೆ ಬಂದಾಗ ಕೌಂಟರಿನಿಂದ ಸ್ವಲ್ಪ ಆಚೆ ನಿಂತು ಎಣಿಸಿದಳು.

“ಯಾಕ ಬಿಟ್ರು ಇಷ್ಟು?”

“ಏಪ್ರಿಲ್‌ದಾಗ ಕಟ್ಟಿದ್ರ ಎಲ್ಲಾರಿಗೂ ಬಿಡ್ತಾರ ಅಕ್ಕ. ವೀಡಿಯೊದಾಗ ಹೇಳಿದ್ನಲ್ಲ.”

“ನೀ ಹೇಳಿದ್ದಕ್ಕನ ನಂಬಿಕಿ ಇಲ್ಲ ನಂಗ,” ಎಂದು ಚಿಲ್ಲರೆಯನ್ನು ಕುಪ್ಪಸದೊಳಗೆ ಇಟ್ಟುಕೊಂಡಳು. ಈಶ್ವರ ಈಗಲೂ ಮಷೀನಿನ ಮೇಜಿನ ತುದಿಯಲ್ಲೇ ಇದ್ದಾನೆ. ಮದುವೆಯ ಸೀರೆಯನ್ನು ಅಕ್ಕ ಮಡಿಚಿ ಅವನ ಪಕ್ಕದಲ್ಲೇ ಇಟ್ಟಿದ್ದಾಳೆ, ಯಾವಾಗ ಬೇಕಾದರೂ ಕೈಗೆ ಸಿಗುವ ಹಾಗೆ.