ಬೇಲೂರಿನ ಕತ್ತಲೆಯೂ ನನ್ನ ಹೆಬ್ಬೆರಳೂ

ಯಾರ ಮನೆಗೆ ಹೋದರೂ ಗೋಡೆಯ ಮೇಲೆ ಓರೆಯಾಗಿ ತೂಗುವ ಕ್ಯಾಲೆಂಡರು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮನೆಯವರು ಕಾಫಿ ತರಲು ಒಳಗೆ ಹೋದ ಸಮಯ ನೋಡಿ ಎದ್ದು, ಅದನ್ನು ನೇರ ಮಾಡಿ, ಏನೂ ಅರಿಯದವಳಂತೆ ಬಂದು ಕೂರುತ್ತೇನೆ. ಸೊಟ್ಟಗಿದೆ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಈ ಜನ್ಮದಲ್ಲಿ ಬಂದಿಲ್ಲ. ಸಂಕೋಚದವರ ಬುದ್ಧಿಯೆಲ್ಲ ಬೆರಳ ತುದಿಗೆ ಇಳಿದುಬಿಟ್ಟಿರುತ್ತದೆಯೋ ಏನೋ. ಇದನ್ನು ಬಹುಕಾಲ ಸದ್ಗುಣವೆಂದೇ ಎಣಿಸಿದ್ದೆ. ಅಲ್ಲವೆಂದು ಗೊತ್ತಾದದ್ದು ಬೇಲೂರಿನಲ್ಲಿ. ಮಕ್ಕಳೇ, ಅದನ್ನೇ ಇಲ್ಲಿ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ತಾತ ಅರಸೀಕೆರೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದ ನಾನು ಅಲ್ಲಿ ಪರದೆಯ ಹಿಂದಿನ ಜೀವ. ದೀಪದ ಸ್ಟ್ಯಾಂಡು ಹಿಡಿಯುವುದು, ಮದುಮಗಳ ಸೆರಗು ಸರಿಪಡಿಸುವುದು, ಫಿಲ್ಮ್ ರೋಲಿನ ಡಬ್ಬಿಗಳನ್ನು ಜೋಡಿಸುವುದು. ಡಬ್ಬಿಯ ಮೇಲಿನ ಸಂಖ್ಯೆ ದೊಡ್ಡದಾದಷ್ಟೂ ಆ ರೋಲು ಕಡಿಮೆ ಬೆಳಕಿನಲ್ಲಿ ಚಿತ್ರ ಹಿಡಿಯುತ್ತದೆ, ಕ್ಯಾಮೆರಾದ ನೆತ್ತಿಯ ಮೇಲಿನ ಚಕ್ರವನ್ನೂ ಅದೇ ಸಂಖ್ಯೆಗೆ ತಿರುಗಿಸಬೇಕು ಎಂಬಷ್ಟನ್ನು ಯಾರೂ ಕಲಿಸದೆ ಕಲಿತಿದ್ದೆ. ಈ ವಿದ್ಯೆಯನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ತಾತನ ಆ ಕ್ಯಾಮೆರಾವನ್ನು ನಿಮ್ಮಕ್ಕ ಸಿಂಚನ ಹೋದ ವರ್ಷ ಹಠ ಹಿಡಿದು ತೆಗೆದುಕೊಂಡಳು. ಎಲ್ಲರೂ ಫೋನಿನಲ್ಲಿ ಕ್ಷಣಕ್ಕೊಂದು ಚಿತ್ರ ತೆಗೆಯುವಾಗ ಇವಳು ಮೂವತ್ತಾರೇ ಚಿತ್ರದ ಬಣ್ಣದ ರೋಲಿಗಾಗಿ ತಿಂಗಳುಗಟ್ಟಲೆ ಕಾಯುತ್ತಾಳೆ. ಬೇಲೂರಿನ ಗುಡಿಯೊಳಗಿನ ಕಂಬಗಳನ್ನು ಫ್ಲ್ಯಾಶ್ ಇಲ್ಲದೆ ತೆಗೆದು, ಫೋಟೋಗ್ರಫಿ ಕೋರ್ಸಿನ ಅರ್ಜಿಯ ಜೊತೆ ಕಳಿಸುವುದು ಅವಳ ಆಸೆ. ನಾನೂರರ ರೋಲೋ ಎಂಟುನೂರರದ್ದೋ ಎಂದು ವಾರವಿಡೀ ತೂಗಿ ನೋಡಿ, ಕೊನೆಗೆ ಎಂಟುನೂರರದನ್ನು ತರಿಸಿದಳು.

ಬೇಲೂರಿಗೆ ನನ್ನನ್ನೂ ಕರೆದೊಯ್ದಳು. ಗುಡಿಯ ಮುಂದೆ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು ಚಪ್ಪಲಿ ಬಿಡಲು ಹೋದಳು. ಚಕ್ರ ನೋಡಿದೆ: ನಾನೂರು. ಅಯ್ಯೋ, ಮಗು ಮರೆತಿದೆ! ಕೂಗಿ ಕೇಳೋಣವೆಂದರೆ ಸುತ್ತ ಜನ. ಹೆಬ್ಬೆರಳಲ್ಲಿ ಚಕ್ರವನ್ನು ಎಂಟುನೂರಕ್ಕೆ ತಿರುಗಿಸಿ, ಗೋಪುರ ನೋಡುತ್ತ ನಿಂತೆ.

ಒಳಗೆ ಅವಳು ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರು ನೋಡಿ ಹಿಗ್ಗಿದಳು. "ಅಂದ್ಕೊಂಡಿದ್ದಕ್ಕಿಂತ ಬೆಳಕು ಚೆನ್ನಾಗಿದೆ ಕಣಜ್ಜಿ! ಕೈಯಲ್ಲೇ ಹಿಡಿದು ತೆಗೀಬಹುದು."

"ಮತ್ತೆ?" ಎಂದೆ. ಆ ಒಂದು ಮಾತಿನಲ್ಲಿದ್ದ ಜಂಬವನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.

ಹದಿನೈದು ದಿನಕ್ಕೆ ಚಿತ್ರಗಳು ಅವಳ ಫೋನಿಗೆ ಬಂದವು. ಕಂಬಗಳೆಲ್ಲ ರಾಗಿ ಅಂಬಲಿಯಲ್ಲಿ ಅದ್ದಿ ತೆಗೆದಂತೆ ಮಂಕು. ನೆರಳಿದ್ದಲ್ಲೆಲ್ಲ ಮರಳು ಚೆಲ್ಲಿದ ಹಾಗೆ.

"ಬೇಕೂಂತಲೇ ನಾನೂರಕ್ಕೆ ಇಟ್ಟಿದ್ದೆ ಅಜ್ಜಿ, ಸಂಖ್ಯೆ ಅರ್ಧಕ್ಕಿಳಿಸಿದ್ರೆ ನೆರಳಿಗೆ ಎರಡರಷ್ಟು ಬೆಳಕು ಸಿಗುತ್ತೆ ಅಂತ. ಆದ್ರೂ ಹಿಂಗಾಯ್ತು. ನನಗೆ ಬೆಳಕು ಅಳೆಯೋಕೇ ಬರಲ್ಲ. ಈ ಕ್ಯಾಮೆರಾ ತಾತನ ಪೆಟ್ಟಿಗೆಯಲ್ಲೇ ಇರಲಿ." ಅರ್ಜಿ ಕಳಿಸುವ ಯೋಚನೆಯನ್ನೂ ಆಗ ಬಿಟ್ಟಳು.

ಆಗ ನೆನಪಾಯಿತು. ಜಾವಗಲ್ಲಿನ ಕಡೆಯ ಮದುವೆ ಮನೆಗಳ ಕತ್ತಲ ನಡುಮನೆಯಲ್ಲಿ ನಿಮ್ಮ ತಾತ ಹೇಳುತ್ತಿದ್ದರು: "ನೆಗೆಟಿವ್‌ಗೆ ಒಂದು ತುತ್ತು ಬೆಳಕು ಜಾಸ್ತಿ ಉಣ್ಣಿಸಬೇಕು ಕಣೇ. ಹೆಚ್ಚಾದರೆ ಅರಗಿಸಿಕೊಳ್ಳುತ್ತೆ, ಕಡಿಮೆಯಾದರೆ ಅಳುತ್ತೆ." ಸಂಖ್ಯೆಯನ್ನು ಮಾತ್ರ ನೆನಪಿಟ್ಟುಕೊಂಡು ತುತ್ತನ್ನು ಮರೆತಿದ್ದೆ. ಅವಳು ಹಾಕಿಟ್ಟ ತುತ್ತನ್ನು ನಾನೇ ಕಿತ್ತುಕೊಂಡಿದ್ದೆ.

ಇನ್ನು ಬರೆಯುವುದು ಅದಕ್ಕಿಂತ ನಾಚಿಕೆಯದು. ಅವಳು ಸ್ನಾನಕ್ಕೆ ಹೋದಾಗ ಪೆಟ್ಟಿಗೆ ತೆಗೆದು ನೋಡಿದೆ. ಚಕ್ರ ಇನ್ನೂ ಎಂಟುನೂರರಲ್ಲೇ ಇತ್ತು. ಅವಳಿಗೆ ಗೊತ್ತಾಗದಿರಲೆಂದು ಮೆಲ್ಲಗೆ ನಾನೂರಕ್ಕೆ ತಿರುಗಿಸಿ ಮುಚ್ಚಳ ಹಾಕಿದೆ.

ಮೂರು ದಿನ ಹಾಗೇ ಕಳೆದೆ. ಹಾಸನದ ಕಾಲೇಜಿಗೆ ಹೊರಡಲು ಅವಳು ಬ್ಯಾಗು ತುಂಬುತ್ತಿದ್ದಾಗ ಹೇಳಿದೆ: "ಚಕ್ರ ತಿರುಗಿಸಿದ್ದು ನಾನು. ಎರಡು ಸಲ."

"ಎರಡು ಸಲಾನಾ?"

ಎರಡನೆಯದನ್ನೂ ಹೇಳಿದೆ. ಅವಳು ನಗಲಿಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. "ಒಂದು ಮಾತು ಕೇಳಬಾರದಿತ್ತಾ ಅಜ್ಜಿ?" ಎಂದಳು. ಕೇಳಿದ್ದರೆ ನನಗೆ ಗೊತ್ತಿರುವುದು ಅರ್ಧವೇ ಎಂದು ಬಯಲಾಗುತ್ತಿತ್ತು. ಕೇಳದೆ ಇದ್ದರೆ ಪೂರ್ತಿ ಗೊತ್ತಿದೆಯೆಂದು ನಾನೊಬ್ಬಳಾದರೂ ನಂಬಬಹುದಿತ್ತು. ಇದನ್ನು ಅವಳಿಗಲ್ಲ, ಇಲ್ಲಿ ನಿಮಗೆ ಹೇಳುತ್ತಿದ್ದೇನೆ. ಅವಳು ಪೆಟ್ಟಿಗೆಯಿಂದ ಕ್ಯಾಮೆರಾ ತೆಗೆದು ಬ್ಯಾಗಿಗೆ ಹಾಕಿಕೊಂಡು ಹೋದಳು.

ಹೋದ ಭಾನುವಾರ ಹಳೇಬೀಡಿಗೆ ನನ್ನನ್ನೂ ಕರೆದುಕೊಂಡು ಹೋದಳು. ಮತ್ತೆ ಎಂಟುನೂರರ ರೋಲು. ಅರ್ಜಿ ಕಳಿಸಲು ಇದೇ ಕೊನೆಯ ಅವಕಾಶ. ಗುಡಿಯೊಳಗೆ ಯಾವುದೋ ಶಾಲೆಯ ಮಕ್ಕಳು ಸಾಲಾಗಿ ನಿಂತಿದ್ದರು. ಸಿಂಚನ ಕ್ಯಾಮೆರಾವನ್ನು ನನ್ನಿಂದ ಒಂದು ಮಾರು ದೂರ ಹಿಡಿದು, "ಎಷ್ಟಕ್ಕೆ ಇಡಲಿ ಅಜ್ಜಿ?" ಎಂದು ಗಟ್ಟಿಯಾಗಿ ಕೇಳಿದಳು.

"ನಾನೂರು," ಎಂದೆ, ಸೆರಗಿಗೆ ಹೇಳಿದಂತೆ.

"ಕೇಳಿಸಲಿಲ್ಲ."

"ನಾನೂರು ಕಣೇ!"

ಕಲ್ಲಿನ ಮಾಡಿನ ಕೆಳಗೆ ಅದು ಮೊಳಗಿತು. ಮಕ್ಕಳೆಲ್ಲ ತಿರುಗಿ ನೋಡಿದರು; ಮೇಷ್ಟರೂ ನೋಡಿದರು. ಕಿವಿಯವರೆಗೂ ಬಿಸಿಯೇರಿತು. ಸಿಂಚನ ಚಕ್ರ ತಿರುಗಿಸಿ, ನನಗೆ ತೋರಿಸಿ, "ಹೂಂ, ಈಗ ದೂರ ನಿಂತ್ಕೋ," ಎಂದಳು. ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು, ಅವಳು ಮೂವತ್ತಾರನ್ನೂ ತೆಗೆದು ಮುಗಿಸುವವರೆಗೆ ಹೊರಗೆ ತೆಗೆಯಲಿಲ್ಲ.