ಮುಳ್ಳು ಬಡದ ಖೋಲಿ

ಕೇಳ್ರಿಲ್ಲೆ, ನಮ್ಮ ಬೆಟಗೇರಿ ಓಣ್ಯಾಗ ಹನಮವ್ವ ಅಂತ ಒಬ್ಬಾಕಿ ಇದ್ಲು. ಅಕಿ ಖೋಲಿ ಹಿಡದ ಕತಿ ಇದು. ಪೂರಾ ಕೇಳ್ರಿ ಮತ್ತ, ಅರ್ಧಕ್ಕ ಬಿಟ್ಟು ನನಗ ಫೋನ್ ಹಚ್ಚಬ್ಯಾಡ್ರಿ.

ಸ್ವಾತಂತ್ರ್ಯ ಬಂದ ಮರುವರ್ಷ. ಈ ಕಡೆ ನಾವು ಸ್ವತಂತ್ರ ಆಗಿದ್ವಿ, ಮುಂಡರಗಿ ದಾಟಿದ್ರ ಆ ಕಡೆ ಇನ್ನೂ ನಿಜಾಮನ ರಾಜ್ಯ. ಅಲ್ಲಿ ರಜಾಕಾರರ ಹಾವಳಿ ಹೆಚ್ಚಾಗಿ ಮಂದಿ ಗಂಟು ಕಟಗೊಂಡು ಈ ಕಡೆ ಓಡಿ ಬರ್ತಿದ್ರು. ಹನಮವ್ವನೂ ಬಂದ್ಲು. ಗಂಡ ತಿರಕಪ್ಪ, "ನೀ ನಡಿ, ಎತ್ತು ಹೊಡಕೊಂಡು ಹಿಂದಿಂದ ಬರ್ತೀನಿ" ಅಂದಾಂವ ಬರಲೇ ಇಲ್ಲ.

ಮುಂಡರಗಿ ಕ್ಯಾಂಪಿನಾಗ ಕಾದ್ಲು, ಕಾದ್ಲು. ಕಡೀಕ ಬೆಟಗೇರಿಗೆ ಬಂದು ನೇಕಾರರ ಮನ್ಯಾಗ ನೂಲು ಸುತ್ತೂ ಕೆಲಸ ಹಿಡದ್ಲು. ಕೆಲಸ ಸಿಕ್ತು, ಖೋಲಿ ಸಿಗವಲ್ದು. ಬಂದ ಮಂದಿಗೆ ಬಾಡಿಗಿ ಕೊಡಾಕ ಓಣಿಯವ್ರು ದನದ ಕೊಟಗಿಗೂ ನಡು ಗ್ವಾಡಿ ಎಬ್ಬಿಸಿ ಖೋಲಿ ಮಾಡಿದ್ರು ಅಂತೀನಿ! ಆದ್ರ ಎಲ್ಲಿ ಹೋದ್ರೂ ಒಂದೇ ಮಾತು.

"ಗಂಡ ಎಲ್ಲದಾನ?"

"ಬರ್ತಾರ್ರಿ."

"ಬಂದ ಮ್ಯಾಲೆ ಬಾ."

ಸುಮಿತ್ರವ್ವ ಅನ್ನಾಕಿ ಒಬ್ಬಾಕಿ ಹೂಂ ಅಂದ್ಲು. ಅಕಿದೊಂದು ಖೋಲಿ ಇತ್ತು, ಬಾಗಲಕ್ಕ ಜಾಲಿಮುಳ್ಳು ಬಡದಿದ್ರು. ಅಕಿ ಮಾವ ಅಂದಪ್ಪ ಕೆಟ್ಟ ನಕ್ಷತ್ರದಾಗ ಅಲ್ಲೇ ಸತ್ತಿದ್ದ. ಹಂಗ ಸತ್ರ ಆರು ತಿಂಗಳು ಅಲ್ಲಿ ಯಾರೂ ಇರಬಾರದು ಅಂತ.

"ಮುಳ್ಳು ತೆಗಿಯಂಗಿಲ್ಲ, ಹಿತ್ತಲ ಬಾಗಲಿಂದ ಅಡ್ಡಾಡು," ಅಂದ್ಲು ಸುಮಿತ್ರವ್ವ.

"ಅಜ್ಜ ಏನರ ಮಾಡಿದ್ರ?"

"ಬದುಕಿದ್ದಾಗ ಎದ್ದು ನೀರು ಕುಡಿಯಾಂವ ಅಲ್ಲ, ಸತ್ತ ಮ್ಯಾಲೆ ಏನ್ ಮಾಡ್ತಾನಬೇ! ಆದ್ರ ಒಂದ್ ಮಾತು. ಮಟಮಟ ಮಧ್ಯಾಹ್ನ ಯಾರರ ಕರದ್ರ ಓ ಅನ್ನಬ್ಯಾಡ. ಸತ್ತಾವ್ರು ತಮ್ಮ ಧ್ವನಿಲೆ ಕರಿಯೂದಿಲ್ಲ. ನೀ ಯಾರಿಗೆ ಹಂಬಲಸ್ತಿ, ಅವರ ಧ್ವನಿಲೆ ಕರೀತಾರ."

ಖೋಲಿ ಮೂಲ್ಯಾಗ ಅಜ್ಜನ ತಂಬಾಕದ ವಾಸನಿ ಹೋಗವಲ್ದು. ಹನಮವ್ವ ಸಾರಿಸಿದ್ಲು, ಲೋಬಾನ ಹಾಕಿದ್ಲು, ಮರುದಿನ ಮತ್ತ ಅದೇ. ಕಡೀಕ, "ಅಜ್ಜಾ, ಒಂಚೂರು ಅತ್ತಾಗ ಸರಿ" ಅಂತ ಮೂಲಿಗೆ ಹೇಳಿ ಚಾಪಿ ಹಾಸಾಕ ಹತ್ತಿದ್ಲು. ಆ ಕಡೆ ಬೆನ್ನು ಮಾತ್ರ ಮಾಡ್ತಿರಲಿಲ್ಲ.

ಮಳಿಗಾಲ ಮುಗಿಯೂದ್ರಾಗ ಮಿಲಿಟ್ರಿ ಹೋಗಿ ಆ ರಾಜ್ಯಾನೂ ನಮ್ಮದಾತು. ಮಂದಿ ಹೊಳ್ಳಿ ತಮ್ಮೂರಿಗೆ ಹೊಂಟ್ರು. ಹನಮವ್ವ ಹೋಗಲಿಲ್ಲ. ಮುಂಡರಗಿ ಕಡೆ ಹೋಗಾವ್ರ ಕೈಲೆಲ್ಲಾ, "ನಮ್ಮ ಮನಿಯವ್ರು ಬಂದ್ರ ಬೆಟಗೇರಿ ಸುಮಿತ್ರವ್ವನ ಖೋಲಿಗೆ ಕಳಸ್ರಿ" ಅಂತ ಹೇಳಿ ಕಳಿಸಿದ್ಲು. ಇದನ್ನ ಬಿಟ್ರ ಗಂಡಗ ಅಕಿ ಸಿಗೂ ಜಾಗಾ ಬ್ಯಾರೆ ಇರಲಿಲ್ಲ.

ಒಂದಿನ ಮಧ್ಯಾಹ್ನ ಓಣಿ ಬಣಬಣ. ಮುಂದಿನ ಬಾಗಲದಾಗ, ಮುಳ್ಳಿನ ಆಚೆ, ಧ್ವನಿ ಬಂತು.

"ಏ... ಅದಿಯೇನ?"

ತಿರಕಪ್ಪನ ಧ್ವನಿ! ಆಂವ ಯಾವಾಗೂ ಹಿಂಗ ಕರೀತಿದ್ದ, ಹೆಸರು ಹಿಡಿಲಾರದ. ಹನಮವ್ವ ಸೆರಗು ಬಾಯಾಗ ತುರುಕೊಂಡು ಗ್ವಾಡಿಗೆ ಅಂಟಿ ಕುಂತ್ಲು. ಧ್ವನಿ ಎಷ್ಟ ಖರೆ ಅನಸಿತೋ, ಹೆದರಿಕಿ ಅಷ್ಟ ಆತು.

ಹೊರಗ ಮುಳ್ಳು ಸರಕ್ ಅಂತು. "ಹಾ! ನಿನ್ನೌನ್ ಮುಳ್ಳಾ, ಕಾಲಾಗ ಹೋತಲ್ಲೋ!"

ಹನಮವ್ವ ಸೆರಗು ಬಿಟ್ಲು. ದೆವ್ವಕ್ಕ ಮುಳ್ಳು ಚುಚ್ಚತೈತೇನು? ಚುಚ್ಚಿದ್ರೂ ಹಿಂಗ ಬೈತೈತೇನು?

ಹಿತ್ತಲಿಂದ ಓಡಿ ಸುತ್ತು ಹಾಕಿ ಓಣಿಗೆ ಬರೂದ್ರಾಗ ಒಬ್ಬಾಂವ ಕುಂಟಕೋತ ತಿರುವಿನ ಹಂತ್ಯಾಕ ಹೋಗಿದ್ದ. ಮುಳ್ಳು ಬಡದಾರಂದ್ರ ಆ ಖೋಲ್ಯಾಗ ಸಾವಾಗೈತಿ ಅಂತ ಆಂವಗೂ ಗೊತ್ತಿತ್ತಲ್ಲ. ಹೆಂಡತಿ ಸತ್ತಾಳ ಅಂತ ತಿಳಕೊಂಡು ಹೊಂಟಿದ್ದ. ಹನಮವ್ವ ಹೆಂಗ ಕರೀಬೇಕು? ಗಂಡನ ಹೆಸರು ಹೇಳಿದ್ರ ಆಯುಷ್ಯ ಕಡಿಮಿ ಆಗತೈತಿ ಅನ್ನೂ ಕಾಲ. ಲಗ್ನದಾಗ ಒಡಪು ಕಟ್ಟಿ, ಪದದಾಗ ಸೇರಿಸಿ ಆಂವನ ಹೆಸರು ಹೇಳಿದ್ದೇ ಕಡೀದು.

"ತಿರಕಪ್ಪಾ! ಏ ತಿರಕಪ್ಪಾ!"

ಓಣಿ ಕದಾ ಎಲ್ಲಾ ತೆರದ್ವು. ಆಂವ ಹೊಳ್ಳಿ ನೋಡಲಿಲ್ಲ, ಓಡಾಕ ಹತ್ತಿದ! ಜೀವ ಇರೂತನ ನನ್ನ ಹೆಸರು ಹೇಳಾಕಿ ಅಲ್ಲ ಅಕಿ, ಈಗ ಹೇಳಾಕತ್ತಾಳಂದ್ರ ಸತ್ತು ಹೇಳಾಕತ್ತಾಳ ಅಂತ.

ಕುಂಟ ಕಾಲಿಲೆ ಎಷ್ಟು ಓಡ್ತಾನ? ಹನಮವ್ವ ಮುಂದ ಹೋಗಿ ಅಡ್ಡ ನಿಂತ್ಲು. ಆಂವ ಮಾರಿ ನೋಡಲಿಲ್ಲ. ತಲಿ ತಗ್ಗಿಸಿ ಅಕಿ ಪಾದ ನೋಡಿದ. ದೆವ್ವದ ಪಾದ ಹಿಂದಮುಂದ ಇರ್ತಾವಂತ. ನೋಡಿ ನೋಡಿ, ಅಲ್ಲೇ ಮಣ್ಣಾಗ ಕುಂತುಬಿಟ್ಟ.

"ನಾನೇ ಅದೀನ್ರಿ."

"ಎಲ್ಲಾರೂ ಹಂಗ ಅಂತಾರ," ಅಂದ ತಿರಕಪ್ಪ.

ಎತ್ತಿಗೆ ಅಂತ ಉಳದಾಂವ ಆ ಊರಾಗ ಏನೇನು ನೋಡಿದ್ನೋ, ಯಾರ್ಯಾರು ಆಂವನ್ನ ಕರದಿದ್ರೋ, ಒಂದಿನಾನೂ ಬಾಯಿ ಬಿಡಲಿಲ್ಲ. ಮುಳ್ಳು ತೆಗದ್ರು, ಖೋಲಿ ಇವರಿಗೇ ಖಾಯಂ ಆತು. ಕೊಟಗಿ ಇದ್ದಲ್ಲೆ ಮಾಳಗಿ ಎದ್ದು ಓಣಿ ಗುರುತ ಸಿಗದಂಗ ಆತು. ಎಂಟು ವರ್ಷದ ಮ್ಯಾಲೆ ಕರ್ನಾಟಕ ಒಂದಾದ ದಿನ ಸಕ್ಕರಿ ಹಂಚಿದ್ರು, ಇನ್ನ ಆ ಕಡೆ ಈ ಕಡೆ ಅನ್ನೂದು ಇಲ್ಲ ಅಂದ್ರು. ಹನಮವ್ವ ಮುಷ್ಟ್ಯಾಗ ಸಕ್ಕರಿ ಹಿಡಕೊಂಡು ಮನಿಗೆ ಬಂದ್ಲು. ಬಾಗಲದಾಗ ಕುಂತಿದ್ದ ತಿರಕಪ್ಪ ಮೊದಲ ಅಕಿ ಪಾದ ನೋಡಿದ, ದಿನಾ ನೋಡಿದಂಗ. ಅಕಿನೂ ದಿನದಂಗ ಹೊಸ್ತಲದ ಹೊರಗ ನಿಂತು ನಿರಿಗಿ ಎತ್ತಿ ಹಿಡದ್ಲು. "ಬಾ" ಅಂದ ಮ್ಯಾಲೆ ಒಳಗ ಹೋದ್ಲು.