ಹೊಲಿಗೆಯಿಲ್ಲದ ಆಪರೇಶನ್

ನನ್ನ ಹೆಂಡತಿಗೆ ಹೊಲಿಗೆ ಎಷ್ಟು ಹಾಕಿದ್ದೀರಿ ಎಂದು ನರ್ಸಮ್ಮನನ್ನು ಕೇಳಿದೆ. ಒಂದೂ ಇಲ್ಲ ಎಂದರು. ಹಾಗಾದರೆ ಆಪರೇಶನ್ ಮಾಡಿಯೇ ಇಲ್ಲ ಎಂದು ದವಾಖಾನೆಯ ಬಾಗಿಲಲ್ಲೇ ಜಗಳಕ್ಕೆ ನಿಂತೆ!

ನಗಬೇಡಿ. ನಮ್ಮ ಬೆಟಗೇರಿ ಓಣಿಯಲ್ಲಿ ಹೆಂಗಸರ ಆಪರೇಶನ್ ಎಂದರೆ ಒಂದೇ: ಗರ್ಭಕೋಶ ತೆಗೆಸುವುದು. ನನ್ನ ಅಕ್ಕನೂ ತೆಗೆಸಿದ್ದಾಳೆ, ಹೊಟ್ಟೆಯ ಮೇಲೆ ಹೊಲಿಗೆಯ ಗುರುತು ಇನ್ನೂ ಇದೆ.

ಇದು ಶುರುವಾದದ್ದು ಮಗ್ಗದ ಮೇಲೆ. ಒಂದು ಮಧ್ಯಾಹ್ನ ನೇಯುತ್ತಿದ್ದ ನನ್ನ ಹೆಂಡತಿ ಶಾಂತಾ ತಲೆ ಸುತ್ತಿ ಹಾಸಿನ ನೂಲಿನ ಮೇಲೆಯೇ ಬಾಗಿಬಿದ್ದಳು. ದವಾಖಾನೆಯಲ್ಲಿ ಡಾಕ್ಟರ್ ಮೇಡಂ ಕೇಳಿದಾಗ ಹೇಳಿದಳು (ನನಗಲ್ಲ, ಅವರಿಗೆ): ಒಂದು ವರ್ಷದಿಂದ ತಿಂಗಳಲ್ಲಿ ಹದಿನೈದು ದಿನ ರಕ್ತ ಹೋಗುತ್ತಿದೆ. ಮುಟ್ಟಾದವರು ಮಗ್ಗ ಮುಟ್ಟಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಬಾಯಿ ಬಿಟ್ಟರೆ ಅರ್ಧ ತಿಂಗಳು ಮಗ್ಗ ನಿಲ್ಲುತ್ತದೆ. ಅದಕ್ಕೇ ಮುಚ್ಚಿಟ್ಟು ನೇಯುತ್ತಿದ್ದಳು.

ಸ್ಕ್ಯಾನ್ ಆಯಿತು. ಗರ್ಭಕೋಶದೊಳಗೆ ಶೇಂಗಾ ಕಾಳಿನಷ್ಟು ಮಾಂಸದ ಗಂಟು. ಅದಕ್ಕೆ ಪಾಲಿಪ್ ಎನ್ನುತ್ತಾರಂತೆ. ಹೊಟ್ಟೆ ಕೊಯ್ಯದೆ, ಕೆಳಗಿನಿಂದಲೇ ಕ್ಯಾಮೆರಾ ಹಾಕಿ ಅಷ್ಟನ್ನೇ ತೆಗೆದು ಟೆಸ್ಟಿಗೆ ಕಳಿಸುತ್ತೇವೆ ಎಂದರು ಮೇಡಂ. ನಂಬುವವರ್ಯಾರು? ನಾನು ಜಾಣ. ಅಕ್ಕ ಹೇಳಿಕೊಟ್ಟದ್ದನ್ನೇ ಒಪ್ಪಿಸಿದೆ: ಮಕ್ಕಳಾಗಿವೆ, ಇಡೀ ಗರ್ಭಕೋಶವನ್ನೇ ತೆಗೆದುಬಿಡಿ, ಟೆನ್ಶನ್ ಇರೋದಿಲ್ಲ.

ಶಾಂತಾ ಇಪ್ಪತ್ತು ವರ್ಷದಲ್ಲಿ ಹೊರಗಿನವರ ಮುಂದೆ ನನ್ನ ಮಾತು ಮೀರಿದವಳಲ್ಲ. ಅವತ್ತು ಮೀರಿದಳು.

"ಹೊಟ್ಟಿ ನಂದೈತ್ರಿ. ಮೊದಲ ನನ್ನ ಕೇಳ್ರಿ."

ಮೇಡಂ ಅವಳನ್ನೇ ಕೇಳಿದರು. ಗಂಟು ಮಾತ್ರ ಸಾಕು ಎಂದಳು.

ಆಪರೇಶನ್ನಿಗೆಂದು ಬೆಳಿಗ್ಗೆ ಹೋದವಳು, ಬಾಗಿಲಲ್ಲಿ ನನ್ನ ಜಗಳವೂ ಮುಗಿದು, ಸಂಜೆಗೆ ಮನೆಯಲ್ಲಿದ್ದಳು! ಆದರೆ ರಿಪೋರ್ಟ್ ಬರುವವರೆಗೆ ನನಗೆ ರೊಟ್ಟಿ ಇಳಿಯಲಿಲ್ಲ. ಬಂತು, ಇಂಗ್ಲಿಷಿನಲ್ಲಿ. ಆರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಮೇಡಂ ಮುಖವನ್ನೇ ಓದಿದೆ. ಕ್ಯಾನ್ಸರ್ ಅಲ್ಲ ಎಂದರು. ಕೆಲವರಿಗೆ ಗಂಟು ಮತ್ತೆ ಬರುವುದುಂಟು, ರಕ್ತ ಹೆಚ್ಚಾದರೆ ಮುಚ್ಚಿಡದೆ ಬನ್ನಿ ಎಂದೂ ಹೇಳಿದರು. ಹೇಳುವಾಗ ನೋಡಿದ್ದು ನನ್ನನ್ನು.

ಈಗ ನಾಲ್ಕು ತಿಂಗಳು. ಮುಟ್ಟು ನಾಲ್ಕೇ ದಿನ. ಮುಖಕ್ಕೆ ಕಳೆ ಬಂದಿದೆ. ಮೊನ್ನೆ ಮುಂಡರಗಿ ಬಸ್ಸಿನಲ್ಲಿ ಸೀಟು ಸಿಗದೆ ನಿಂತೇ ಹೋಗಿ ಬಂದಳು. ದಣಿವೇ ಇಲ್ಲ. ನನಗೋ ಓಣಿಗೆಲ್ಲ ಪೇಡೆ ಹಂಚುವ ಹುರುಪು.

ಅದೇ ಹುರುಪಿನಲ್ಲಿ ದೊಡ್ಡ ಮನಸ್ಸು ಮಾಡಿದವನಂತೆ ಘೋಷಿಸಿದೆ: ಇನ್ನು ಆ ಪದ್ಧತಿ ಬೇಡ. ಆ ದಿನಗಳಲ್ಲೂ ಮನಸ್ಸಿದ್ದರೆ ನೇಯಿ, ಸಾಕಾದರೆ ಮಲಗು.

ಅವಳು ನಕ್ಕಳು.

"ವರ್ಷಪೂರ್ತಿ ಮುಟ್ಟೀನಲ್ರಿ. ಮಗ್ಗಕ್ಕೇನಾತು?"

ಖರೆ, ಮಗ್ಗಕ್ಕೆ ಏನೂ ಆಗಲಿಲ್ಲ. ಆದದ್ದೆಲ್ಲ ಅವಳಿಗೇ.